ಚೌಕಾಸಿ ಮಾಡದ ಗಿರಾಕಿ

ಕಾರವಾರದ ಕೋಡಿಬಾಗದಲ್ಲಿ ಫೋನಿನ ಮೇಲೇ ಮಾರುವ, ಕೊಳ್ಳುವ, ದುಡ್ಡು ಕೊಡುವ, ದುಡ್ಡು ತಗೊಳ್ಳುವ ಎಲ್ಲ ಅಕ್ಕ-ಅಣ್ಣಂದಿರೇ, ತಮ್ಮ-ತಂಗಿಯರೇ,

ಆನ್‌ಲೈನ್ ಮೋಸದ ಬಗ್ಗೆ ನಿಮಗೆ ಯಾರೂ ಹೇಳಿಲ್ಲ ಎಂದೇನಿಲ್ಲ. ಕೆಲವು ತಿಂಗಳು ಯಾರಿಗೆ ಫೋನ್ ಹಚ್ಚಿದರೂ ಮೊದಲು ಎಚ್ಚರಿಕೆಯ ಪಾಠ ಮುಗಿಯಬೇಕಿತ್ತು, ಆಮೇಲೆಯೇ ರಿಂಗು. ಓಟಿಪಿ ಹೇಳಬೇಡಿ, ಲಿಂಕ್ ಒತ್ತಬೇಡಿ, ಆಸೆಗೆ ಬಲಿಯಾಗಬೇಡಿ. ಈ ಉಪದೇಶದ ಒಳಗೊಂದು ಚುಚ್ಚುಮಾತು ಕೂತಿರುತ್ತದೆ: ಮೋಸಹೋದವನು ಒಂದೋ ದಡ್ಡ, ಇಲ್ಲವೇ ದುರಾಸೆಯವನು. ಬ್ಯಾಂಕಿನ ಕೌಂಟರಿನ ಹಿಂದೆ ಕೂತು ನಿವೃತ್ತನಾದ ನಾನು ಇದನ್ನು ಒಪ್ಪುವುದಿಲ್ಲ. ಪಾಸ್‌ಬುಕ್ ಹಿಡಿದು ಬಂದು ‘ಸಾಹೇಬರೆ, ಇದು ಹ್ಯಾಗೆ ಹೋಯ್ತು ನೋಡಿ’ ಎಂದು ಕೇಳಿದವರಲ್ಲಿ ಹೆಚ್ಚಿನವರು ಲಾಟರಿಯ ಬೆನ್ನು ಹತ್ತಿದವರಲ್ಲ. ಹಳೇ ಫ್ರಿಜ್ ಮಾರಲು ಹೊರಟವರು, ಮಗನಿಗೆ ಸೆಕೆಂಡ್‌ಹ್ಯಾಂಡ್ ಬೈಕು ಹುಡುಕಿದವರು, ಮಗಳ ಸೀಮಂತಕ್ಕೆ ಇನ್‌ಸ್ಟಾಗ್ರಾಮಿನಲ್ಲಿ ಸೀರೆ ಆರಿಸಿದವರು. ಕಿರಾಣಿ ಅಂಗಡಿಯಲ್ಲಿ ಹತ್ತು ರೂಪಾಯಿ ಬಾಕಿ ಉಳಿದರೂ ರಾತ್ರಿ ನಿದ್ದೆ ಬಾರದಂಥವರು.

ನಮ್ಮ ಊರಿನ ವ್ಯಾಪಾರ ನಡೆಯುವುದು ಮುಖ ನೋಡಿ. ಮೀನಿನವಳು ಉದ್ರಿ ಕೊಡುವುದು ಮನೆ ಗೊತ್ತು, ಮನೆಯವರು ಗೊತ್ತು ಎಂಬ ಧೈರ್ಯದ ಮೇಲೆ. ಫೋನಿನ ವ್ಯಾಪಾರದಲ್ಲಿ ಆ ಮುಖವೇ ಇಲ್ಲ. ಮುಖದ ಬದಲು ಕಳ್ಳ ನಿಮ್ಮ ಕೈಗಿಡುವುದು ಕಾಗದ: ಗುರುತಿನ ಚೀಟಿ, ರಸೀದಿ, ಸ್ಕ್ರೀನ್‌ಶಾಟ್. ನಾವು ಆ ಕಾಗದವನ್ನೇ ತಿರುಗಿಸಿ ಮುರುಗಿಸಿ ನೋಡುತ್ತೇವೆ. ನೋಡಬೇಕಾದದ್ದು ದುಡ್ಡಿನ ದಾರಿ. ನಿಮ್ಮ ಖಾತೆಯಿಂದ ಹೊರಟ ದುಡ್ಡು ಯಾವ ದಾರಿಯಲ್ಲಿ ಹೋಗುತ್ತದೆ, ನಡುವೆ ಅದನ್ನು ಹಿಡಿದು ನಿಲ್ಲಿಸುವವರು ಯಾರಾದರೂ ಇದ್ದಾರೆಯೇ? ಇಷ್ಟನ್ನು ಹೇಳಲಿಕ್ಕೇ ಈ ಪತ್ರ.

ಕಾರವಾರದಲ್ಲಿ ಕಳ್ಳನ ಕಾಗದಕ್ಕೆ ಸಮವಸ್ತ್ರದ ಬಣ್ಣವಿದೆ. 1986ರಲ್ಲಿ ಪ್ರಧಾನಿ ರಾಜೀವ್ ಗಾಂಧಿ ಇಲ್ಲಿನ ನೌಕಾನೆಲೆಯ ಸೀಬರ್ಡ್ ಯೋಜನೆಗೆ ಅಡಿಗಲ್ಲು ಹಾಕಿದರು. 2005ರಲ್ಲಿ ಆ ನೆಲೆ, ಐಎನ್‌ಎಸ್ ಕದಂಬ, ಶುರುವಾಯಿತು. ಅರಗಾ, ಅಮದಳ್ಳಿ ಕಡೆ ನೌಕಾಪಡೆಯವರು ನಮಗೆ ಹೊಸಬರಲ್ಲ. ಅವರ ಮಕ್ಕಳು ನಮ್ಮ ಮಕ್ಕಳ ಜೊತೆ ಓದುತ್ತಾರೆ, ಅವರ ಮನೆಯವರು ನಮ್ಮ ಸಂತೆಗೆ ಬರುತ್ತಾರೆ. ಅವರಿಗೆ ಎರಡು-ಮೂರು ವರ್ಷಕ್ಕೊಮ್ಮೆ ವರ್ಗವಾಗುತ್ತದೆ, ಹೋಗುವಾಗ ಸೋಫಾ, ವಾಷಿಂಗ್ ಮಷಿನ್, ಸ್ಕೂಟರ್ ಮಾರಿ ಹೋಗುತ್ತಾರೆ. ಇವೆಲ್ಲ ನಿಜ. ನಿಜವಾದದ್ದರಿಂದಲೇ ಸುಳ್ಳಿಗೆ ಇಲ್ಲಿ ಜಾಗ ಸಿಗುತ್ತದೆ.

ಓಎಲ್‌ಎಕ್ಸ್‌ನಲ್ಲೋ ಫೇಸ್‌ಬುಕ್ ಮಾರ್ಕೆಟ್‌ಪ್ಲೇಸ್‌ನಲ್ಲೋ ಒಂದು ಸ್ಕೂಟರಿನ ಫೋಟೋ ಕಾಣುತ್ತದೆ. ಬೇರೆಡೆ ಅರವತ್ತು ಸಾವಿರ ಹೇಳುವ ಗಾಡಿ ಇಲ್ಲಿ ಇಪ್ಪತ್ತೆಂಟಕ್ಕೆ. ಫೋನ್ ಮಾಡಿದರೆ ಹಿಂದಿಯಲ್ಲಿ ಒಂದು ಗಂಭೀರ ದನಿ. ತಾನು ನೌಕಾಪಡೆಯವನು, ವಿಶಾಖಪಟ್ಟಣಕ್ಕೆ ವರ್ಗವಾಗಿದೆ, ಗಾಡಿ ಒಯ್ಯುವುದು ತ್ರಾಸು, ಅದಕ್ಕೇ ಕೊಡುತ್ತಿದ್ದೇನೆ. ನೀವು ಕೇಳುವ ಮೊದಲೇ ವಾಟ್ಸಾಪಿಗೆ ಗುರುತಿನ ಚೀಟಿ, ಆಧಾರ್, ಕ್ಯಾಂಟೀನ್ ಕಾರ್ಡು, ಸಮವಸ್ತ್ರದ ಫೋಟೋ ಬಂದು ಬೀಳುತ್ತವೆ. ಗಾಡಿ ನೋಡಲು ಬರುತ್ತೇನೆ ಎಂದರೆ, ಒಳಗೆ ಹೊರಗಿನವರನ್ನು ಬಿಡುವುದಿಲ್ಲ ಎನ್ನುತ್ತಾನೆ. ನೌಕಾನೆಲೆಯ ಗೇಟಿನಲ್ಲಿ ನಮ್ಮನ್ನು ಬಿಡುವುದಿಲ್ಲ ಎನ್ನುವುದು ನಮಗೂ ಗೊತ್ತಿರುವ ಸಂಗತಿಯೇ, ಹಾಗಾಗಿ ತಲೆಯಾಡಿಸುತ್ತೇವೆ. ಗಾಡಿ ಸೇನೆಯ ಪಾರ್ಸೆಲ್‌ನಲ್ಲಿ ಮನೆಬಾಗಿಲಿಗೇ ಬರುತ್ತದಂತೆ. ಸಾಗಾಟಕ್ಕೆ ಎರಡೋ ಮೂರೋ ಸಾವಿರ ಹಾಕಿದರಾಯಿತು. ಹಾಕಿದ ಕೂಡಲೇ ಸರ್ಕಾರಿ ಮುದ್ರೆಯ ಒಂದು ರಸೀದಿ. ಮರುದಿನ ಇನ್ನೊಬ್ಬನ ಫೋನು: ಗಾಡಿ ಹುಬ್ಬಳ್ಳಿ ದಾಟಿದೆ, ಜಿಎಸ್‌ಟಿ ಕಟ್ಟಬೇಕು, ಆಮೇಲೆ ವಾಪಸ್ ಸಿಗುತ್ತದೆ. ಅದಾದ ಮೇಲೆ ವಿಮೆ. ಅದಾದ ಮೇಲೆ ತಡಮಾಡಿದ್ದಕ್ಕೆ ದಂಡ. ಮೊದಲು ಕೊಟ್ಟ ಮೂರು ಸಾವಿರ ಮುಳುಗಬಾರದೆಂದು ಐದು, ಆ ಐದು ಮುಳುಗಬಾರದೆಂದು ಹತ್ತು. ಅರಗಾದಿಂದ ಕೋಡಿಬಾಗಕ್ಕೆ ಬರುವ ಗಾಡಿ ಹುಬ್ಬಳ್ಳಿಗೆ ಯಾಕೆ ಹೋಯಿತು ಮಾರಾಯ ಎಂದು ಯೋಚಿಸುವಷ್ಟು ಪುರುಸೊತ್ತನ್ನೂ ಆತ ಕೊಡುವುದಿಲ್ಲ.

ಆ ಗುರುತಿನ ಚೀಟಿ ಅಸಲಿಯೇ ಇರಬಹುದು, ಆದರೆ ಅವನದ್ದಲ್ಲ. ಹಿಂದೊಮ್ಮೆ ಇದೇ ಬಲೆಗೆ ಬಿದ್ದವರು ನಂಬಿಕೆಯಿಂದ ಕಳಿಸಿದ ಆಧಾರ್ ಪ್ರತಿಯೇ ಮುಂದಿನವರಿಗೆ ತೋರಿಸುವ ಗುರುತಾಗುತ್ತದೆ. ನಿಮ್ಮದನ್ನೂ ಅವನು ಕೇಳುತ್ತಾನೆ. ಕೊಟ್ಟರೆ ನಾಳೆ ಇನ್ಯಾವುದೋ ಊರಿನಲ್ಲಿ ನಿಮ್ಮ ಹೆಸರಿನ ಮೇಲೆ ವ್ಯಾಪಾರ ನಡೆಯುತ್ತದೆ.

ಇದೇ ಮನುಷ್ಯ ಕೊಳ್ಳುವವನಾಗಿಯೂ ಬರುತ್ತಾನೆ. ನೀವು ಹಳೇ ಫ್ರಿಜ್ಜಿನ ಫೋಟೋ ಹಾಕಿ ಎಂಟು ಸಾವಿರ ಎಂದು ಬರೆದಿರುತ್ತೀರಿ. ಮನಸ್ಸಿನಲ್ಲಿ ಆರಕ್ಕೆ ಇಳಿಯಲು ತಯಾರಿ. ಅವನು ಎಂಟಕ್ಕೇ ಒಪ್ಪುತ್ತಾನೆ. ಫ್ರಿಜ್ಜಿನ ಗ್ಯಾಸ್ ಹೇಗಿದೆ, ಬಾಗಿಲಿನ ರಬ್ಬರು ಸರಿ ಇದೆಯೇ, ಏನೂ ಕೇಳುವುದಿಲ್ಲ. ನಮ್ಮ ಭಾನುವಾರದ ಸಂತೆಯಲ್ಲಿ ಕೊತ್ತಂಬರಿಯ ಕಟ್ಟಿಗೂ ಐದು ರೂಪಾಯಿ ಇಳಿಸದೆ ಯಾರೂ ಮುಂದೆ ಹೋಗುವುದಿಲ್ಲ. ಚೌಕಾಸಿ ಮಾಡದ ಗಿರಾಕಿ ಎದುರು ನಿಂತಿದ್ದರೆ ನೀವೇ ಅವನನ್ನು ಮೇಲಿಂದ ಕೆಳಗೆ ನೋಡುತ್ತಿದ್ದಿರಿ. ಫೋನಿನಲ್ಲಿ ಅಂಥವನನ್ನು ಕಂಡರೆ ಒಳ್ಳೆಯ ಮನುಷ್ಯ ಎನ್ನಿಸಿಬಿಡುತ್ತದೆ. ನನ್ನ ಅನುಭವದಲ್ಲಿ ಇದಕ್ಕಿಂತ ಸ್ಪಷ್ಟವಾದ ಅಪಾಯದ ಗುರುತು ಬೇರೆ ಇಲ್ಲ.

ಒಪ್ಪಿದ ಮೇಲೆ ‘ನಮ್ಮ ಪೇಮೆಂಟ್ ಉಲ್ಟಾ ಇರುತ್ತದೆ’ ಎನ್ನುತ್ತಾನೆ. ಸೇನೆಯ ಖಾತೆಯಿಂದ ದುಡ್ಡು ಬರಬೇಕಾದರೆ ಮೊದಲು ನೀವು ಒಂದು ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಬೇಕಂತೆ. ನಂಬಿಕೆ ಬರಲೆಂದು ಐದು ರೂಪಾಯಿ ಹಾಕಿ ತೋರಿಸುತ್ತಾನೆ. ಅದು ನಿಜಕ್ಕೂ ಬರುತ್ತದೆ. ಆಮೇಲೆ ಎಂಟು ಸಾವಿರದ ಕ್ಯೂಆರ್. ಪಿನ್ ಒತ್ತುತ್ತೀರಿ, ಎಂಟು ಸಾವಿರ ಬರುವ ಬದಲು ಹೋಗುತ್ತದೆ. ‘ಅಯ್ಯೋ, ತಪ್ಪಾಯಿತು, ಇನ್ನೊಂದು ಸಲ ಮಾಡಿ, ಎರಡೂ ಸೇರಿ ಬರುತ್ತದೆ.’ ಇನ್ನೊಂದು ಎಂಟು.

ಇದು ಓದು-ಬರಹ ಬಾರದವರ ಪಾಡು ಎಂದು ಯಾರಾದರೂ ಹೇಳಿದರೆ ಅವರಿಗೆ ಈ ಕಥೆ ಹೇಳಿ. 2021ರ ಫೆಬ್ರವರಿಯಲ್ಲಿ ಆಗ ದೆಹಲಿಯ ಮುಖ್ಯಮಂತ್ರಿಯಾಗಿದ್ದ ಅರವಿಂದ ಕೇಜ್ರಿವಾಲರ ಮಗಳು ಹಳೆಯ ಸೋಫಾ ಮಾರಲು ಜಾಹೀರಾತು ಹಾಕಿದರು. ಕೊಳ್ಳುವವನು ಮೊದಲು ಚೂರು ದುಡ್ಡು ಕಳಿಸಿ ಖಾತೆ ಸರಿ ಇದೆಯೆಂದು ನೋಡಿಕೊಂಡ. ಆಮೇಲೆ ಕ್ಯೂಆರ್ ಕೋಡ್ ಕಳಿಸಿದ. 20,000 ಹೋಯಿತು. ತಪ್ಪಾಯಿತೆಂದು ಇನ್ನೊಂದು ಕೋಡ್ ಕಳಿಸಿದ, 14,000 ಹೋಯಿತು. ಒಟ್ಟು 34,000 ರೂಪಾಯಿ. ರಿಸರ್ವ್ ಬ್ಯಾಂಕು 2022ರಲ್ಲಿ ಇಂಥ ಮೋಸಗಳ ಬಗೆಗಳನ್ನು ವಿವರಿಸಿ ಒಂದು ಕಿರುಹೊತ್ತಿಗೆ ಹೊರತಂದಿತು. ಆನ್‌ಲೈನ್ ಮಾರಾಟದ ಜಾಗಗಳಲ್ಲಿ ಕೊಳ್ಳುವವರಂತೆ ಬರುವ ವಂಚಕರಲ್ಲಿ ಹಲವರು ದೂರದ ಊರಿನಲ್ಲಿರುವ ಸೇನಾ ಸಿಬ್ಬಂದಿಯೆಂದು ಹೇಳಿಕೊಳ್ಳುತ್ತಾರೆ ಎಂದು ಅದರಲ್ಲೇ ಇದೆ. ನಿಜವಾದ ನೌಕಾಪಡೆಯವರಿಗೆ ಇದರಿಂದ ಎಷ್ಟು ಮುಜುಗರವೋ, ಪಾಪ.

ಹಾಗಾದರೆ ಅವರಿಂದ ಏನೂ ಕೊಳ್ಳಬಾರದೇ? ಧಾರಾಳವಾಗಿ ಕೊಳ್ಳಿ. ಅರಗಾ ಗೇಟಿನ ಹೊರಗೋ ಕಾಳಿ ಸೇತುವೆಯ ಹತ್ತಿರವೋ ಗಾಡಿ ತರಲು ಹೇಳಿ. ಓಡಿಸಿ ನೋಡಿ, ಆರ್‌ಸಿ ಕೈಯಲ್ಲಿ ಹಿಡಿಯಿರಿ, ಗಾಡಿಯ ನಂಬರನ್ನು ಸಾರಿಗೆ ಇಲಾಖೆಯ ಎಂ-ಪರಿವಾಹನ್ ಆ್ಯಪಿನಲ್ಲಿ ಹಾಕಿ ತಾಳೆ ನೋಡಿ, ಆಮೇಲೆ ದುಡ್ಡು. ವರ್ಗವಾಗಿ ಹೋಗುವ ನಿಜವಾದ ಸಿಪಾಯಿ ಗಾಡಿ ತೋರಿಸಲು ಸಂತೋಷದಿಂದ ಬರುತ್ತಾನೆ, ಅವನಿಗೂ ಮಾರುವ ಅವಸರವಿದೆ. ಬರಲಾರೆ ಎಂದವನ ಹತ್ತಿರ ಗಾಡಿಯೇ ಇಲ್ಲವೆಂದು ತಿಳಿಯಿರಿ.

ಈಗ ಪಿನ್ನಿನ ವಿಷಯ. ಯುಪಿಐ ಶುರುವಾದದ್ದು 2016ರಲ್ಲಿ. 2025ರ ಆಗಸ್ಟ್ ಒಂದೇ ತಿಂಗಳಲ್ಲಿ ದೇಶದಲ್ಲಿ ಎರಡು ಸಾವಿರ ಕೋಟಿ ಬಾರಿ ಇದರಲ್ಲಿ ದುಡ್ಡು ಕೈ ಬದಲಾಯಿಸಿತು. ಇಷ್ಟೊಂದು ಬಳಸುವ ವಸ್ತುವಿಗೆ ಒಂದೇ ಒಂದು ನಿಯಮ ನೆನಪಿದ್ದರೆ ಸಾಕು: ದುಡ್ಡು ಬರಲು ಪಿನ್ ಬೇಡ, ಸ್ಕ್ಯಾನ್ ಬೇಡ, ಒಪ್ಪಿಗೆಯೂ ಬೇಡ. ಪಿನ್ ಕೇಳಿದರೆ ದುಡ್ಡು ಹೋಗುತ್ತಿದೆ. ಖಾತೆಯ ಬಾಕಿ ನೋಡುವಂಥ ಕೆಲಸಕ್ಕೆ ಕೇಳುವುದಷ್ಟೇ ಬೇರೆ ಮಾತು. ಮೊದಲು ಅಪರಿಚಿತರು ‘ಇಷ್ಟು ದುಡ್ಡು ಕಳಿಸಿ’ ಎಂಬ ಕೋರಿಕೆಯನ್ನು ನೇರ ನಿಮ್ಮ ಆ್ಯಪಿಗೇ ಕಳಿಸಬಹುದಿತ್ತು. ಗಡಿಬಿಡಿಯಲ್ಲಿ ಅದನ್ನೇ ಬರುವ ದುಡ್ಡೆಂದು ತಿಳಿದು ಒತ್ತಿದವರು ಬಹಳ. ವ್ಯಕ್ತಿಯಿಂದ ವ್ಯಕ್ತಿಗೆ ಹೋಗುವ ಆ ಕೋರಿಕೆಯನ್ನು ಯುಪಿಐ ನಡೆಸುವ ಎನ್‌ಪಿಸಿಐ ಸಂಸ್ಥೆ 2025ರ ಅಕ್ಟೋಬರ್ 1ರಿಂದ ನಿಲ್ಲಿಸಿತು. ಒಳ್ಳೆಯ ಕೆಲಸ, ತಡವಾಗಿ ಆಯಿತು. ಕ್ಯೂಆರ್ ಮಾತ್ರ ಹಾಗೇ ಉಳಿದಿದೆ, ಕಳ್ಳರೂ ಅಲ್ಲಿಗೇ ಸರಿದಿದ್ದಾರೆ.

ಅದೇ ವರ್ಷ ಬಂದ ಇನ್ನೊಂದು ಬದಲಾವಣೆ ನಿಮಗೆ ಉಪಯೋಗದ್ದು. ದುಡ್ಡು ಕಳಿಸುವ ಮೊದಲು ತೆರೆಯ ಮೇಲೆ ಕಾಣುವ ಹೆಸರು ಬ್ಯಾಂಕಿನ ದಾಖಲೆಯಲ್ಲಿರುವ ಹೆಸರೇ ಆಗಿರಬೇಕು. ಅವರವರು ಇಟ್ಟುಕೊಂಡ ಅಡ್ಡಹೆಸರು ನಡೆಯುವುದಿಲ್ಲ. ಮಾತಾಡುತ್ತಿರುವವನು ಲೆಫ್ಟಿನೆಂಟ್ ಒಬ್ಬ, ತೆರೆಯ ಮೇಲೆ ಬಂದ ಹೆಸರು ಬೇರೆ ಯಾರೋ ಹೆಂಗಸಿನದ್ದು ಎಂದಾದರೆ ಅಲ್ಲೇ ನಿಲ್ಲಿಸಿ. ‘ಅದು ನನ್ನ ಹೆಂಡತಿಯದು’ ಎಂಬ ಉತ್ತರ ಅವನ ಹತ್ತಿರ ತಯಾರಿರುತ್ತದೆ.

ಕಾನೂನು ಏನು ಹೇಳುತ್ತದೆ ಎನ್ನುವುದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ಬ್ಯಾಂಕಿನಲ್ಲಿ ಜಗಳ ಆಗುವುದೇ ಇಲ್ಲಿ. ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆಯ ಪ್ರಕಾರ, ನಿಮ್ಮ ತಪ್ಪೂ ಇಲ್ಲದೆ ಬ್ಯಾಂಕಿನ ತಪ್ಪೂ ಇಲ್ಲದೆ ಹೊರಗಿನವರ ಕೈವಾಡದಿಂದ ದುಡ್ಡು ಹೋದರೆ, ಬ್ಯಾಂಕಿನಿಂದ ಸುದ್ದಿ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದಲ್ಲಿ ನಷ್ಟ ನಿಮ್ಮದಲ್ಲ. ನಾಲ್ಕರಿಂದ ಏಳು ದಿನವಾದರೆ ನಿಮ್ಮ ಪಾಲಿಗೆ ಒಂದು ಮಿತಿ. ಅದಕ್ಕೂ ತಡವಾದರೆ ಆಯಾ ಬ್ಯಾಂಕಿನ ನೀತಿಯಂತೆ. ಇದು ನಿಮಗೆ ತಿಳಿಯದೆ ಕದ್ದ ದುಡ್ಡಿನ ಮಾತು. ಕ್ಯೂಆರ್ ಸ್ಕ್ಯಾನ್ ಮಾಡಿ ನೀವೇ ಪಿನ್ ಒತ್ತಿದ ದುಡ್ಡು ಬ್ಯಾಂಕಿನ ಕಣ್ಣಿಗೆ ಕಳವು ಅಲ್ಲ, ನೀವು ಕೊಟ್ಟದ್ದು. ‘ನೀವೇ ಕಳಿಸಿದ್ದೀರಲ್ಲ’ ಎಂದು ಕೌಂಟರಿನಲ್ಲಿ ಕೂತವನು ಹೇಳುವುದು ಉದ್ಧಟತನಕ್ಕಲ್ಲ, ಅವನ ಪುಸ್ತಕದಲ್ಲಿ ಹಾಗೇ ಬರೆದಿದೆ.

ಇದು ನ್ಯಾಯವೇ? ನನಗೆ ಹಾಗೆ ಕಾಣುವುದಿಲ್ಲ. ಬ್ರಿಟನ್ನಿನಲ್ಲಿ 2024ರ ಅಕ್ಟೋಬರ್ 7ರಿಂದ ಬೇರೆ ನಿಯಮ ಬಂದಿದೆ. ಮೋಸಕ್ಕೆ ಸಿಕ್ಕಿ ಗ್ರಾಹಕ ತಾನೇ ಕಳಿಸಿದ ದುಡ್ಡನ್ನೂ ಬ್ಯಾಂಕು ತುಂಬಿಕೊಡಬೇಕು, 85,000 ಪೌಂಡಿನವರೆಗೆ. ಆ ಹೊರೆಯನ್ನು ಕಳಿಸಿದ ಬ್ಯಾಂಕೂ ಕಳ್ಳನ ಖಾತೆಯಿದ್ದ ಬ್ಯಾಂಕೂ ಅರ್ಧರ್ಧ ಹಂಚಿಕೊಳ್ಳುತ್ತವೆ. ಕಳ್ಳನಿಗೆ ಖಾತೆ ತೆರೆದುಕೊಟ್ಟ ಬ್ಯಾಂಕಿಗೂ ಬಿಸಿ ತಟ್ಟುವುದೇ ಅದರ ಸೊಗಸು. ನಮ್ಮ 2017ರ ಸುತ್ತೋಲೆಯಲ್ಲಿ ಅಂಥ ಮಾತಿಲ್ಲ. 2024ರ ಒಂದೇ ವರ್ಷದಲ್ಲಿ ಭಾರತೀಯರು ಸೈಬರ್ ವಂಚನೆಗಳಲ್ಲಿ 22,845 ಕೋಟಿ ರೂಪಾಯಿ ಕಳಕೊಂಡರೆಂದು ಕೇಂದ್ರ ಗೃಹ ಇಲಾಖೆ ಲೋಕಸಭೆಗೆ ತಿಳಿಸಿತು. ಹಿಂದಿನ ವರ್ಷ ಅದು 7,465 ಕೋಟಿಯಿತ್ತು. ಇಷ್ಟೂ ದುಡ್ಡು ಯಾವುದೋ ಬ್ಯಾಂಕಿನ ಯಾವುದೋ ಖಾತೆಗೇ ಹೋಗಿ ಇಳಿದದ್ದು ತಾನೆ?

ಕೊಳ್ಳುವಾಗ ಕಾಪಾಡುವ ದಾರಿಗಳು ಮಾತ್ರ ನಮ್ಮಲ್ಲೂ ಇವೆ, ನಾವೇ ಅವನ್ನು ಬಿಟ್ಟು ಒಳದಾರಿ ಹಿಡಿಯುತ್ತೇವೆ. ದೊಡ್ಡ ಆನ್‌ಲೈನ್ ಅಂಗಡಿಯ ಆ್ಯಪಿನ ಒಳಗೇ ನೀವು ಕೊಟ್ಟ ದುಡ್ಡು ನೇರ ಮಾರುವವನ ಜೇಬಿಗೆ ಹೋಗುವುದಿಲ್ಲ. ನಡುವಿನ ಪಾವತಿ ಕಂಪನಿಗಳು ಅದನ್ನು ಬ್ಯಾಂಕಿನ ಎಸ್ಕ್ರೋ ಖಾತೆಯಲ್ಲಿ ಇಡಬೇಕೆಂದು ರಿಸರ್ವ್ ಬ್ಯಾಂಕಿನ ನಿಯಮ ಹೇಳುತ್ತದೆ. ಹೀಗೆ ನಡುವೆ ಒಂದು ಕೈ ಇರುವುದರಿಂದಲೇ ಸೀರೆ ಬರದಿದ್ದರೆ ಕೇಳಲು ಒಂದು ಬಾಗಿಲಿರುತ್ತದೆ. ಕ್ರೆಡಿಟ್ ಕಾರ್ಡಿನಲ್ಲಿ ಕೊಟ್ಟಿದ್ದರೆ ಚಾರ್ಜ್‌ಬ್ಯಾಕ್ ಎಂಬ ಇನ್ನೊಂದು ದಾರಿ: ಮಾಲು ಬರಲಿಲ್ಲವೆಂದು ನಿಮ್ಮ ಬ್ಯಾಂಕಿಗೇ ತಕರಾರು ಹಾಕಬಹುದು. ಆದರೆ ‘ಆ್ಯಪಿನಲ್ಲಿ ಬೇಡ ಅಕ್ಕಾ, ನನ್ನ ನಂಬರಿಗೇ ಹಾಕಿ, ಇನ್ನೂರು ಕಡಿಮೆ ಮಾಡುತ್ತೇನೆ’ ಎಂಬ ಮಾತಿಗೆ ಒಪ್ಪಿದ ಕ್ಷಣ ಆ ಬಾಗಿಲುಗಳೆಲ್ಲ ಮುಚ್ಚಿದವು. ಇನ್‌ಸ್ಟಾಗ್ರಾಮಿನ ಸೀರೆ ಅಂಗಡಿಗಳಲ್ಲಿ ಪ್ರಾಮಾಣಿಕರು ಎಷ್ಟೋ ಜನ ಇದ್ದಾರೆ, ಅವರಲ್ಲಿ ಕೆಲವರು ನಮ್ಮ ಓಣಿಯ ಹೆಣ್ಣುಮಕ್ಕಳೇ. ಗೊತ್ತಿಲ್ಲದ ಅಂಗಡಿಯಾದರೆ ಮೊದಲ ಸಲ ಕ್ಯಾಶ್ ಆನ್ ಡೆಲಿವರಿ ಕೇಳಿ. ಪಾರ್ಸೆಲ್ ಬಂದಾಗ ಒಡೆಯುವ ಮೊದಲಿಂದ ವಿಡಿಯೋ ಮಾಡಿಕೊಳ್ಳಿ. ನೀವು ತರಿಸದ ಪಾರ್ಸೆಲ್ಲಿಗೆ ಮನೆಯಲ್ಲಿದ್ದ ಅಜ್ಜಿಯಿಂದ ದುಡ್ಡು ಕೊಡಿಸಬೇಡಿ.

ಇನ್ನು ಕಸ್ಟಮರ್ ಕೇರ್ ನಂಬರನ್ನು ಗೂಗಲ್‌ನಲ್ಲಿ ಹುಡುಕುವ ಅಭ್ಯಾಸ ಬಿಡಿ. ಕೊರಿಯರ್ ಎಲ್ಲಿದೆ ಎಂದು ಹುಡುಕಿದರೆ ಮೊದಲು ಕಾಣುವ ನಂಬರು ಕಳ್ಳನದ್ದಾಗಿರಬಹುದು. ಅವನು ‘ಐದು ರೂಪಾಯಿ ಕಟ್ಟಿ, ಈ ಆ್ಯಪ್ ಹಾಕಿಕೊಳ್ಳಿ’ ಎನ್ನುತ್ತಾನೆ, ಆ ಆ್ಯಪು ನಿಮ್ಮ ಇಡೀ ತೆರೆಯನ್ನು ಅವನಿಗೆ ತೋರಿಸುತ್ತದೆ. ನಂಬರು ಬೇಕಾದರೆ ಆ ಅಂಗಡಿಯ ಆ್ಯಪಿನ ಒಳಗೆ ನೋಡಿ.

ಅಂಗಡಿಯೇ ಸತಾಯಿಸಿದರೆ? 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಅವರ ದೂರು ಅಧಿಕಾರಿ 48 ಗಂಟೆಯೊಳಗೆ ದೂರು ಮುಟ್ಟಿತೆಂದು ತಿಳಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು. ಇಲ್ಲದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅದೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ ಕಾರವಾರದಲ್ಲೇ ಇದೆ. ಅಂಗಡಿ ದೆಹಲಿಯಲ್ಲಿದ್ದರೂ ನೀವಿರುವ ಊರಿನಲ್ಲೇ ದೂರು ಹಾಕಲು 2019ರ ಕಾಯ್ದೆ ಅವಕಾಶ ಕೊಟ್ಟಿದೆ. ಐದು ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ. ಹಳೇ ಸಾಮಾನನ್ನು ಒಬ್ಬರು ಇನ್ನೊಬ್ಬರಿಗೆ ಮಾರಿದ್ದಕ್ಕೆ ಇದು ಅನ್ವಯಿಸುವುದಿಲ್ಲ. ಅದಕ್ಕೆ ಪೊಲೀಸರೇ ಗತಿ.

ಮೀನು ಮಾರುವ ಅಕ್ಕಂದಿರಿಗೆ ಬೇರೆಯೇ ಮಾತು ಹೇಳಬೇಕು. ನಿಮ್ಮ ಬುಟ್ಟಿಯ ಪಕ್ಕದ ಕ್ಯೂಆರ್ ಸ್ಟಿಕ್ಕರ್ ಯಾರ ಹೆಸರಿನದ್ದು? ಕೇಳಿದರೆ ಮಗನದ್ದು ಅನ್ನುತ್ತೀರಿ. ಮಗ ಗೋವಾದಲ್ಲಿ ಕೆಲಸದಲ್ಲಿದ್ದಾನೆ, ಫೋನು ಅವನ ಹತ್ತಿರ. ಗಿರಾಕಿ ಎರಡು ಪಾಲು ಬಂಗಡೆ, ಒಂದು ಪಾಲು ಸಿಗಡಿ ತಗೊಂಡು ಫೋನನ್ನು ನಿಮ್ಮ ಮುಖದ ಮುಂದೆ ಹಿಡಿದು ‘ಹೋಯ್ತು ನೋಡಿ ಬಾಯಿ’ ಎನ್ನುತ್ತಾನೆ. ತೆರೆಯ ಮೇಲೆ ಹಸಿರು ಗುರುತು. ಕೈಯೆಲ್ಲ ಮೀನಿನ ನೀರು, ಹಿಂದೆ ನಾಲ್ಕು ಜನ ಕಾಯುತ್ತಿದ್ದಾರೆ, ಕನ್ನಡಕ ಮನೆಯಲ್ಲಿದೆ. ಹೂಂ ಅನ್ನದೆ ಏನು ಮಾಡುತ್ತೀರಿ? ಅದೇ ಹಸಿರು ಗುರುತನ್ನು ತೋರಿಸುವ ನಕಲಿ ಆ್ಯಪುಗಳಿವೆ. ನಿನ್ನೆಯ ಸ್ಕ್ರೀನ್‌ಶಾಟೂ ಇರಬಹುದು. ಗಿರಾಕಿಯ ಫೋನಿನಲ್ಲಿ ಕಂಡದ್ದು ದುಡ್ಡಲ್ಲ. ನಿಮ್ಮ ಕಡೆ ಸದ್ದಾಗಬೇಕು. ತಿಂಗಳ ಬಾಡಿಗೆ ಕೊಡಲು ಆದರೆ ಮಾತಾಡುವ ಸೌಂಡ್‌ಬಾಕ್ಸ್ ಇಟ್ಟುಕೊಳ್ಳಿ. ಆಗದಿದ್ದರೆ ಖಾತೆಯನ್ನೇ ನಿಮ್ಮ ಹೆಸರಿಗೆ ಮಾಡಿಸಿ, ಮೆಸೇಜು ನಿಮ್ಮ ಗುಂಡಿ ಫೋನಿಗೇ ಬರಲಿ. ಸ್ಮಾರ್ಟ್‌ಫೋನ್ ಇಲ್ಲದವರಿಗೂ ಯುಪಿಐ ನಡೆಯುವ ವ್ಯವಸ್ಥೆ 2022ರಿಂದ ಇದೆ. ನನ್ನ ಮಾತು ಮಗನ ಮೇಲಿನ ಅಪನಂಬಿಕೆಯಲ್ಲ. ನಿಮ್ಮ ದುಡಿಮೆ ಬಂತೋ ಇಲ್ಲವೋ ಎನ್ನುವುದು ನಿಮಗೇ ಮೊದಲು ಗೊತ್ತಾಗಬೇಕು, ಸಂಜೆ ಗೋವಾದಿಂದ ಫೋನ್ ಬಂದ ಮೇಲಲ್ಲ. ಬೆಳಿಗ್ಗೆ ಬುಟ್ಟಿ ಇಳಿಸಿದ ಕೂಡಲೇ ನಿಮ್ಮ ಸ್ಟಿಕ್ಕರಿನ ಮೇಲೆ ಯಾರಾದರೂ ಬೇರೆ ಸ್ಟಿಕ್ಕರ್ ಅಂಟಿಸಿದ್ದಾರೆಯೇ ಎಂದೂ ಒಮ್ಮೆ ಉಗುರು ಆಡಿಸಿ ನೋಡಿ.

ಇನ್ನೊಂದು ಆಟವಿದೆ. ‘ನಿಮ್ಮ ಖಾತೆಗೆ 5,000 ಜಮಾ’ ಎಂಬ ಮೆಸೇಜು, ಹಿಂದೆಯೇ ಅಳುವ ದನಿ: ಆಸ್ಪತ್ರೆಗೆ ಕಟ್ಟಬೇಕಾದದ್ದು ತಪ್ಪಿ ನಿಮಗೆ ಬಂತು, ವಾಪಸ್ ಹಾಕಿ. ಮೆಸೇಜು ಹತ್ತು ಅಂಕಿಯ ಸಾಧಾರಣ ಮೊಬೈಲ್ ನಂಬರಿನಿಂದ ಬಂದಿದ್ದರೆ ಅದು ಬ್ಯಾಂಕಿನದ್ದಲ್ಲ. ಬಾಕಿ ನೋಡಿ. ನಿಜವಾಗಿಯೂ ಬಂದಿದ್ದರೂ ನೀವಾಗಿ ಹಿಂತಿರುಗಿಸಬೇಡಿ, ಅವರ ಬ್ಯಾಂಕಿನ ಮೂಲಕ ಕೇಳಲು ಹೇಳಿ.

ಅಂಕೋಲೆ ಕಡೆಯ ನೆಂಟರಿಗೂ ಇದನ್ನು ಓದಿಸಿ. ಕರಿ ಇಶಾಡು ಮಾವಿಗೆ 2023ರಲ್ಲಿ ಜಿಐ (ಭೌಗೋಳಿಕ ಸೂಚಕ) ಗುರುತು ಸಿಕ್ಕ ಮೇಲೆ ಹೆಸರು ದೂರದವರೆಗೆ ಹೋಗಿದೆ. ಹೆಸರಿದ್ದಲ್ಲಿ ಫೋಟೋ ಕದಿಯುವವರೂ ಇರುತ್ತಾರೆ. ಮಾವು ತರಿಸುವಾಗ ಮುಂಗಡ ಪೂರ್ತಿ ಕೇಳುವವನಿಗೆ ತೋಟದಿಂದ ವಿಡಿಯೋ ಕಾಲ್ ಮಾಡಲು ಹೇಳಿ. ತೋಟವಿದ್ದವನಿಗೆ ಅದು ಒಂದು ನಿಮಿಷದ ಕೆಲಸ.

ತಮ್ಮಂದಿರೇ, ನಿಮಗೆ ಸ್ವಲ್ಪ ಕಟುವಾಗಿ ಹೇಳುತ್ತೇನೆ. ‘ಖಾತೆ ಇದ್ದರೆ ಕೊಡು, ತಿಂಗಳಿಗೆ ಐದು ಸಾವಿರ ಕೊಡುತ್ತೇನೆ, ಎಟಿಎಂ ಕಾರ್ಡು ಮತ್ತು ಸಿಮ್ ಮಾತ್ರ ನನ್ನ ಹತ್ತಿರ ಇರಲಿ’ ಎಂದು ಕೇಳುವವರು ಕಾಲೇಜಿನ ಕಟ್ಟೆಯವರೆಗೂ ಬರುತ್ತಾರೆ. ಮೇಲೆ ಹೇಳಿದ ಸ್ಕೂಟರಿನ ದುಡ್ಡು, ಫ್ರಿಜ್ಜಿನ ದುಡ್ಡು ಬಂದು ಇಳಿಯುವುದು ಇಂಥ ಬಾಡಿಗೆ ಖಾತೆಗಳಿಗೇ. ಕಳ್ಳನ ಹೆಸರು ಎಲ್ಲೂ ಇರುವುದಿಲ್ಲ. ಪೊಲೀಸರ ಕೈಗೆ ಸಿಗುವ ಮೊದಲ ಹೆಸರು ನಿಮ್ಮದು, ಮೊದಲ ವಿಳಾಸ ನಿಮ್ಮ ಅಪ್ಪನ ಮನೆಯದು. ಕಂಪ್ಯೂಟರ್ ಬಳಸಿ ಬೇರೆಯವರಂತೆ ನಟಿಸಿ ವಂಚಿಸಿದ್ದಕ್ಕೆ ಐಟಿ ಕಾಯ್ದೆಯ 66ಡಿ ಕಲಮಿನಲ್ಲಿ ಮೂರು ವರ್ಷದವರೆಗೆ ಸಜೆ ಇದೆ. ನೌಕಾನೆಲೆ, ಕೈಗಾ ಅಣುಸ್ಥಾವರ, ರೈಲ್ವೆ ಎಂದು ಅರ್ಜಿ ಹಾಕುವ ನಿಮಗೆ ಒಂದು ಪೊಲೀಸ್ ಕೇಸು ಎಂದರೆ ಏನೆಂದು ನಾನು ಬಿಡಿಸಿ ಹೇಳಬೇಕಿಲ್ಲ. ‘ನನಗೆ ಗೊತ್ತಿರಲಿಲ್ಲ’ ಎನ್ನುವ ಮಾತು ಠಾಣೆಯಲ್ಲಿ ಬಹಳ ದೂರ ಹೋಗುವುದಿಲ್ಲ.

ಏನೂ ತಪ್ಪು ಮಾಡದವರ ಖಾತೆಗೂ ಕೆಲವೊಮ್ಮೆ ತಡೆ ಬೀಳುತ್ತದೆ. ನಿಮ್ಮ ಹತ್ತಿರ ಇಸ್ವಾಣ ಮೀನು ಕೊಂಡವನು ಕೊಟ್ಟ ದುಡ್ಡು ಎಲ್ಲಿಂದಲೋ ಕದ್ದದ್ದಾಗಿದ್ದರೆ, ದೂರಿನ ಬೆನ್ನಟ್ಟಿ ಬಂದ ಪೊಲೀಸರು ನಿಮ್ಮ ಖಾತೆಯನ್ನೂ ತಡೆಯಬಹುದು. ಗಾಬರಿಯಾಗಿ ದಲ್ಲಾಳಿಗಳ ಹಿಂದೆ ಹೋಗಬೇಡಿ. ಬ್ಯಾಂಕಿನಿಂದ ದೂರಿನ ಸಂಖ್ಯೆ, ಯಾವ ಠಾಣೆ ಎನ್ನುವುದನ್ನು ಬರೆಸಿಕೊಂಡು, ಏನು ಮಾರಿದಿರಿ ಎನ್ನುವ ಚೀಟಿ-ಪುರಾವೆಯ ಜೊತೆ ಆ ಠಾಣೆಗೆ ಬರೆಯಿರಿ. ಇದು ಬಡ ವ್ಯಾಪಾರಿಗೆ ದೊಡ್ಡ ಕಿರುಕುಳ ಎನ್ನುವುದರಲ್ಲಿ ಎರಡು ಮಾತಿಲ್ಲ. ಇಡೀ ಖಾತೆಯನ್ನು ಮುಚ್ಚುವ ಬದಲು ತಕರಾರಿನ ಮೊತ್ತವನ್ನಷ್ಟೇ ತಡೆದರೆ ಸಾಲದೇ ಎಂದು ಕೇಳುವ ಹಕ್ಕು ನಿಮಗಿದೆ.

ಮೋಸ ಆಗಿಯೇ ಹೋಯಿತು ಎನ್ನೋಣ. ಆಗ ಒತ್ತಬೇಕಾದ ನಂಬರು 1930. ನಮ್ಮ ಕಡೆಯವರಿಗೆ ಇದನ್ನು ನೆನಪಿಡುವುದು ಕಷ್ಟವಲ್ಲ: ಅಂಕೋಲೆಯಲ್ಲಿ ಎಂ.ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಉಪ್ಪಿನ ಕಾಯ್ದೆ ಮುರಿದ ಇಸವಿ ಅದು, ಏಪ್ರಿಲ್ 13. ಫೋನ್ ಮಾಡುವಾಗ ದುಡ್ಡು ಹೋದ ಹೊತ್ತು, ಮೊತ್ತ, ಮೆಸೇಜಿನಲ್ಲಿರುವ 12 ಅಂಕಿಯ ಯುಟಿಆರ್ ಸಂಖ್ಯೆ ಕೈಯಲ್ಲಿರಲಿ. ಅಲ್ಲಿಂದ ಸಂದೇಶ ನೇರ ಬ್ಯಾಂಕುಗಳಿಗೆ ಹೋಗುತ್ತದೆ. ಕಳ್ಳನ ಖಾತೆಯಲ್ಲಿ ಇನ್ನೂ ಉಳಿದಿರುವ ದುಡ್ಡಿಗೆ ತಡೆ ಬೀಳುತ್ತದೆ. ಉಳಿದಿದ್ದರೆ ಮಾತ್ರ. ಅವನು ಅದನ್ನು ನಿಮಿಷಗಳಲ್ಲಿ ಎರಡನೆಯ, ಮೂರನೆಯ ಖಾತೆಗೆ ದಾಟಿಸಿ ಎಟಿಎಂನಿಂದ ತೆಗೆಯುತ್ತಿರುತ್ತಾನೆ. ಆಮೇಲೆ ಕೇಂದ್ರದ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ಪೂರ್ತಿ ಮಾಡಬೇಕು. ಬರೆಯಲು ಬಾರದವರು ಸೈಬರ್ ಅಪರಾಧ ನೋಡಿಕೊಳ್ಳುವ ಕಾರವಾರದ ಸಿಇಎನ್ ಠಾಣೆಗೆ ಹೋಗಿ. ಚಾಟ್, ಫೋಟೋ, ರಸೀದಿ ಏನನ್ನೂ ಅಳಿಸಬೇಡಿ. ‘ದುಡ್ಡು ವಾಪಸ್ ಕೊಡಿಸುತ್ತೇವೆ, ಸ್ವಲ್ಪ ಫೀಸು ಕಟ್ಟಿ’ ಎಂದು ಆಮೇಲೆ ಬರುವವನು ಅದೇ ಕಳ್ಳನ ತಮ್ಮ.

2024ರ ಆಗಸ್ಟ್ 7ರ ನಡುರಾತ್ರಿ ನಮ್ಮ ಹಳೆಯ ಕಾಳಿ ಸೇತುವೆ ಕುಸಿದು ಲಾರಿಯೊಂದು ಹೊಳೆಗೆ ಬಿದ್ದಾಗ ಮೀನುಗಾರರು, ಪೊಲೀಸರು ಸೇರಿ ಚಾಲಕನನ್ನು ಜೀವಂತ ಎತ್ತಿದರು. ಬೆಳಗಾಗಲಿ ನೋಡೋಣ ಎಂದು ಯಾರೂ ಅನ್ನಲಿಲ್ಲ. ದುಡ್ಡು ಹೋದಾಗಲೂ ಅಷ್ಟೇ ಅವಸರ ಬೇಕು. ಆದರೆ ಅಲ್ಲಿ ನಮ್ಮನ್ನು ತಡೆಯುವುದು ನಾಚಿಕೆ. ಗಂಡನಿಗೆ ಹೇಗೆ ಹೇಳಲಿ, ಅಪ್ಪ ಬೈಯುತ್ತಾನೆ, ಓಣಿಯಲ್ಲಿ ನಗುತ್ತಾರೆ. ಎರಡು ದಿನ ಒಳಗೊಳಗೇ ಬೆಂದು ಮೂರನೆಯ ದಿನ ಬ್ಯಾಂಕಿಗೆ ಬರುತ್ತಾರೆ. ಅಷ್ಟೊತ್ತಿಗೆ ಆ ಖಾತೆಯಲ್ಲಿ ಉಳಿದಿರುವುದು ಏಳೋ ಎಂಟೋ ರೂಪಾಯಿ.

ಆದ್ದರಿಂದ ಮನೆಯ ಹಿರಿಯರಲ್ಲಿ ನನ್ನದೊಂದು ವಿನಂತಿ. ಮಗಳೋ ಸೊಸೆಯೋ ಮಗನೋ ‘ದುಡ್ಡು ಹೋಯ್ತು’ ಎಂದು ಬಂದರೆ ಮೊದಲು 1930ಕ್ಕೆ ಫೋನ್ ಹಚ್ಚಿ, ಬೈಯುವುದೇನಿದ್ದರೂ ಆಮೇಲೆ ಬೈಯಿರಿ. ಕಾಲೇಜಿಗೆ ಹೋಗುವ ಹುಡುಗ-ಹುಡುಗಿಯರಲ್ಲಿ ಇನ್ನೊಂದು: ಈ ಭಾನುವಾರ ಒಂದು ತಾಸು ಮೀನು ಮಾರ್ಕೆಟ್ಟಿಗೆ ಹೋಗಿ, ಒಬ್ಬೊಬ್ಬ ಅಕ್ಕನ ಸ್ಟಿಕ್ಕರ್ ಯಾರ ಹೆಸರಿನದ್ದೆಂದು ಸ್ಕ್ಯಾನ್ ಮಾಡಿ ನೋಡಿ, ಜಮಾ ಆದ ಮೆಸೇಜು ಅವಳ ಫೋನಿಗೇ ಬರುವಂತೆ ಮಾಡಿಸಲು ಬ್ಯಾಂಕಿನ ಅರ್ಜಿ ತುಂಬಿಕೊಡಿ. ಅರ್ಜಿ ತುಂಬಲು ಬರದಿದ್ದರೆ ನನ್ನನ್ನು ಕರೆಯಿರಿ, ಪೆನ್ನು ಹಿಡಿದು ಬರುತ್ತೇನೆ.

ನಿಮ್ಮವ,
ಕೋಡಿಬಾಗದ ಒಬ್ಬ ನಿವೃತ್ತ ಬ್ಯಾಂಕ್ ನೌಕರ